ಲಾಭದ ಮುಂದಿನ ಎಣಿಕೆ

ಬಿಜ್ಜರಗಿಯ ಕಡೆ ಜೋಳದ ರಾಶಿ ಅಳೆಯುವವನು ಮೊದಲ ಕೊಳಗಕ್ಕೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು ಎಂದು ಎಲ್ಲರ ಹಾಗೆಯೇ ಎಣಿಕೆ. ಒಂದು ಎಂದು ಶುರು ಮಾಡಿದರೆ ರಾಶಿ ಒಂದರಲ್ಲೇ ಮುಗಿದೀತೆಂಬ ಅಂಜಿಕೆಯೋ, ಕಣದಲ್ಲಿ ಮೊದಲು ಒಳ್ಳೆಯ ಮಾತೇ ಬಾಯಿಂದ ಬರಲಿ ಎಂಬ ಆಸೆಯೋ, ಈಗ ಹೇಳುವವರಿಲ್ಲ. ಮುರ್ತುಜಾಸಾಬನನ್ನು ಕೇಳಿದರೆ, “ನಮ್ಮಪ್ಪ ಅಂತಿದ್ದ, ನಾನೂ ಅಂದೆ. ಅದರಾಗ ನಿನಗೇನ ತ್ರಾಸ?” ಎಂದು ತಿರುಗಿ ಕೇಳುತ್ತಾನೆ.

ಮುರ್ತುಜಾಸಾಬನಿಗೆ ಈಗ ಎಪ್ಪತ್ತಾರು. ಬಿಜ್ಜರಗಿ, ತಿಕೋಟಾ ಸುತ್ತಿನ ಕಣಗಳಲ್ಲಿ ಮೂವತ್ತು ವರ್ಷ ರಾಶಿ ಅಳೆದವನು. ಹೊಲದ ಒಡೆಯನಿಗೂ ಪಾಲಿಗೆ ದುಡಿದವರಿಗೂ ಜೋಳ ಹಂಚುವಾಗ ಇಬ್ಬರೂ ಒಪ್ಪುವ ಒಂದು ಕೈ ಬೇಕಾಗುತ್ತಿತ್ತು. ಆ ಕೈ ಇವನದು. ಚಪ್ಪಲಿ ಕಣದ ಹೊರಗೆ ಬಿಟ್ಟು, ತಲೆಗೆ ವಸ್ತ್ರ ಸುತ್ತಿ, ಪೂರ್ವಕ್ಕೆ ಮುಖ ಮಾಡಿ ಕೂತನೆಂದರೆ ಕೆಮ್ಮು ಬಂದವರು ಬೇವಿನ ಮರದ ತನಕ ಹೋಗಿ ಕೆಮ್ಮಿ ಬರುತ್ತಿದ್ದರು. ಕೊಳಗ ತುಂಬಿ, ಅಂಗೈಯಿಂದ ಅದರ ಬಾಯಿ ಸವರಿ, ಎಣಿಕೆ ಕೂಗಿ, ಮೊದಲು ಬಲಕ್ಕೆ ಒಡೆಯನ ಗೋಣಿತಟ್ಟಿಗೆ ಸುರಿಯಬೇಕು. ಮತ್ತೆ ತುಂಬಿ ಎಡಕ್ಕೆ, ಪಾಲಿನವರ ತಟ್ಟಿಗೆ. ಎರಡೂ ಕಡೆ ಬಿದ್ದ ಮೇಲೆ ಮುಂದಿನ ಎಣಿಕೆ. “ಮುರ್ತುಜಾ ಅಳದಾನ” ಅಂದರೆ ಜಗಳಕ್ಕೆ ನಿಂತವರೂ ಚೀಲದ ಬಾಯಿ ಹೊಲಿಯಲು ಕೂರುತ್ತಿದ್ದರು. ಊರು ಒಬ್ಬನನ್ನು ಒಮ್ಮೆ ಪ್ರಾಮಾಣಿಕ ಎಂದು ಕರೆದರೆ ಅವನ ಕಥೆ ಮುಗಿದ ಹಾಗೆಯೇ. ಆಮೇಲೆ ಅವನಿಗೆ ತಪ್ಪು ಮಾಡುವ ಹಕ್ಕನ್ನೂ ಅದು ಬಿಡುವುದಿಲ್ಲ.

ತೂಕದ ಯಂತ್ರ ಬಂತು, ಕೊಳಗ ಮಂಚದ ಕೆಳಗೆ ಹೋಯಿತು. ಈಗ ಅವನಿರುವುದು ವಿಜಯಪುರದಲ್ಲಿ, ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿ, ಒಬ್ಬಳೇ ಮಗಳು ತಬಸ್ಸುಮಳ ಮನೆಯಲ್ಲಿ. ಅಳಿಯ ಫೈಜಲನ ವೆಲ್ಡಿಂಗ್ ಅಂಗಡಿ ರಸ್ತೆಗೇ ಇದೆ. ಬೆಳಿಗ್ಗೆ ಅಲ್ಲಿ ಕುರ್ಚಿ ಹಾಕಿ ಕೂತು, ಕಿಡಿ ಹಾರಿದಾಗಲೆಲ್ಲ ಮುಖ ತಿರುಗಿಸುತ್ತ, ಹೋಗಿ ಬರುವ ಟ್ರ್ಯಾಕ್ಟರು ಎಣಿಸುತ್ತಾನೆ. ಮೊದಲನೆಯದು ಲಾಭ. ಬುಟ್ಟಿಯಲ್ಲಿನ ರೊಟ್ಟಿಯೂ ಅಷ್ಟೇ, ಮೊದಲನೆಯದು ಲಾಭ. ಆರು ವರ್ಷದ ಹಿಂದೆ ಹೆಂಡತಿ ಆಶಾಬಿ ತೀರಿಕೊಂಡಳು, ಅವಳೊಂದಿಗೆ ಮನೆಯ ಉರ್ದು ಮಾತೂ ಹೋಯಿತು. ತಂದೆ ಮಗಳು ಆಡುವುದು ಬಿಜ್ಜರಗಿಯ ಕನ್ನಡ.

ತಬಸ್ಸುಮ ಬಬಲೇಶ್ವರದ ಒಂದು ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಗಣಿತ ಕಲಿಸುತ್ತಾಳೆ, ಅದೂ ಅತಿಥಿ ಉಪನ್ಯಾಸಕಿಯಾಗಿ. ಹದಿನೇಳು ವರ್ಷ ಉಳಿದವರನ್ನು ಅತಿಥಿ ಎಂದು ಕರೆಯುವ ಮನೆ ಲೋಕದಲ್ಲಿ ಸರ್ಕಾರದ್ದೊಂದೇ ಇದ್ದೀತು. ಪ್ರತಿ ವರ್ಷ ಹೊಸ ಅರ್ಜಿ, ಹೊಸ ಪಟ್ಟಿ. ಪಿಎಚ್.ಡಿ. ಇದ್ದವರು ಪಟ್ಟಿಯಲ್ಲಿ ಮೇಲೆ ಬರುತ್ತಾರೆ, ಇಲ್ಲದವರು ಕೆಳಗೆ ಜಾರುತ್ತಾರೆ. ಅದಕ್ಕೇ ಮೂವತ್ತಮೂರನೆಯ ವಯಸ್ಸಿನಲ್ಲಿ ಧಾರವಾಡದಲ್ಲಿ ಹೆಸರು ನೋಂದಾಯಿಸಿದಳು. ಈಗ ಅವಳಿಗೆ ನಲವತ್ತಮೂರು. ಪಟ್ಟಿಗಾಗಿ ಶುರುವಾದ ಕೆಲಸ ನಡುವೆ ಎಲ್ಲೋ ಅವಳ ಪ್ರೀತಿಯಾಗಿಬಿಟ್ಟಿತ್ತು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಅಂಗಡಿಗೆ ಚಹಾ ಒಯ್ಯುವಾಗ, ಎಲ್ಲಿ ನೋಡಿದರೂ ಅವಳ ತಲೆಯಲ್ಲಿ ಅದೇ.

“ಅದೇನಂತ ನನಗೂ ಹೇಳಬೇ,” ಎಂದು ಮುರ್ತುಜಾಸಾಬ ಒಂದು ಸಲ ಪಟ್ಟು ಹಿಡಿದಿದ್ದ. ಅವಳು ಒಂದು ಚಪಾತಿ ತೆಗೆದುಕೊಂಡು ಅವನ ಮುಂದೆ ಕೂತಳು.

“ಅಬ್ಬಾ, ಇದನ್ನ ನಡು ಹಿಡದು ಅರ್ಧ ಸುತ್ತು ತಿರಗಸ್ರಿ. ಮೊದಲಿನಂಗ ಕಾಣತೈತಿ, ಹೌದಲ್ಲ? ಹಿಂಗ ತಿರಗಿಸಿದ್ರೂ ಫರಕ ಕಾಣದ ತಿರುವು ಎಲ್ಲಾ ಕೂಡಿದ್ರ ಒಂದು ಗುಂಪು ಆಗತೈತಿ. ಈಗ ತಿರಗಿದಾಗ ಒಂದರ ಜಾಗಾಕ್ಕ ಇನ್ನೊಂದು ಬರ್ತಾವಲ್ಲ, ಆ ಚುಕ್ಕಿ ಎರಡೂ ಒಂದ ಅಂತ ತಿಳೀರಿ. ಒಂದರ ಮ್ಯಾಲ ಒಂದು ಕೂಡಸೂಣು.” ಚಾಕುವಿನಿಂದ ಅಂಚಿನಿಂದ ನಡುವಿನ ತನಕ ಸೀಳಿ, ಚಪಾತಿಯನ್ನು ತನ್ನ ಮೇಲೆ ತಾನೇ ಎರಡು ಸುತ್ತು ಬರುವಂತೆ ಸುತ್ತಿದಳು.

“ಶೇಂಗಾ ಪೊಟ್ಟಣ,” ಅಂದ ಮುರ್ತುಜಾಸಾಬ.

“ಹೌದ್ರಿ. ಇದರ ಚೂಪು ತುದಿ ಐತಲ್ಲ, ಅದ ನನ್ನ ಪಿಎಚ್.ಡಿ.”

ಉಳಿದ ಕಡೆಯೆಲ್ಲ ಮೈ ನುಣುಪು, ಆ ತುದಿಯಲ್ಲಿ ಮಾತ್ರ ಚುಚ್ಚುತ್ತದೆ. ಅದಕ್ಕೆ ಸಿಂಗ್ಯುಲಾರಿಟಿ ಅನ್ನುತ್ತಾರೆ. ತನ್ನ ಕೆಲಸದ ಮೈಗಳು ಕಣ್ಣಿಗೆ ಕಾಣುವಂಥವಲ್ಲ, ಚಪಾತಿ ಬರೀ ಸನ್ನೆಗೆ ಎಂದು ಅವಳು ಮೊದಲೇ ಒಪ್ಪಿಕೊಂಡಳು. ಗಣಿತದವರು ಆ ಚೂಪನ್ನು ಬಿಡಿಸಿ, ಆ ಜಾಗದಲ್ಲಿ ಒಂದಕ್ಕೊಂದು ತಾಗಿದ ಬಳೆಗಳ ಸರಪಳಿ ಇಟ್ಟು ಮೈಯನ್ನು ನುಣುಪು ಮಾಡುತ್ತಾರಂತೆ. ಎಷ್ಟು ಬಳೆ, ಯಾವುದು ಯಾವುದಕ್ಕೆ ತಾಗಿದೆ ಎಂಬುದೇ ಆ ತುದಿಯ ವಿಳಾಸ. ಇದು ಒಂದು ಕಡೆ. ಇನ್ನೊಂದು ಕಡೆ, ಆ ತಿರುವುಗಳ ಗುಂಪು ಬೇರೆ ಬೇರೆ ರೂಪದಲ್ಲಿ ತನ್ನನ್ನು ತೋರಿಸಿಕೊಳ್ಳಬಲ್ಲದು. ಒಂದೇ ಮೇಳದವರು ಊರಿಗೊಂದು ಆಟ ಕಟ್ಟುವ ಹಾಗೆ. ಇನ್ನು ಒಡೆಯಲಾಗದಂಥ ಚಿಕ್ಕ ರೂಪಗಳು ಎಣಿಕೆಗೆ ಸಿಗುವಷ್ಟೇ ಇರುತ್ತವೆ. ಯಾವ ರೂಪ ಯಾವುದರ ನೆಂಟ ಎಂದು ಗೆರೆ ಎಳೆದರೆ ಒಂದು ಚಿತ್ರವಾಗುತ್ತದೆ. ಆ ಚಿತ್ರವೂ ಬಳೆಗಳ ಸರಪಳಿಯೂ ಒಂದೇ!

“ಒಂದು ಕೂಸು ತಿಕೋಟಾದಾಗ ಹುಟ್ಟೈತಿ, ಇನ್ನೊಂದು ಬಬಲೇಶ್ವರದಾಗ. ಸಂಬಂಧ ಇಲ್ಲ, ಪರಿಚಯ ಇಲ್ಲ. ಮುಖ ನೋಡಿದ್ರ ಅವಳಿ-ಜವಳಿ. ಹಂಗ ಐತ್ರಿ ಇದು,” ಎಂದಳು ತಬಸ್ಸುಮ. ಅವಳ ಕಣ್ಣು ಹೊಳೆಯುತ್ತಿತ್ತು. “ಒಂದ ಫರಕ. ರೂಪ ಯಾವಾಗಲೂ ಒಂದು ಹೆಚ್ಚಿಗಿ ಇರ್ತೈತಿ. ಮೊದಲನೇ ರೂಪದಾಗ ಗುಂಪು ಏನೂ ಮಾಡಂಗಿಲ್ಲ, ಸುಮ್ಮನ ಕುಂದರತೈತಿ. ಅದಕ್ಕ ಬಳಿ ಇಲ್ಲ.”

“ಅದು ಲಾಭ,” ಎಂದ ಮುರ್ತುಜಾಸಾಬ, ರೊಟ್ಟಿ ಮುರಿಯುತ್ತ.

ತಬಸ್ಸುಮ ಒಂದು ಗಳಿಗೆ ಅವನ ಮುಖವನ್ನೇ ನೋಡಿ, ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಅವಳ ನೋಟುಬುಕ್ಕುಗಳಲ್ಲಿ ಮೊದಲ ರೂಪಕ್ಕೆ ಹೆಸರು ‘ಲಾ’. ಅದನ್ನು ಬದಿಗೆ ಬರೆದು, ಸುತ್ತ ಒಂದು ಸುತ್ತು ಹಾಕಿ, ಉಳಿದವನ್ನು ಕೆಳಗೆ ಬರೆಯುವುದು ರೂಢಿಯಾಯಿತು.

ಮುದುಕನಿಗೂ ಆಟ ಸಿಕ್ಕಿತು. ಅವಳು ಬರೆದುಕೊಟ್ಟ ಒಂದು ಚಿತ್ರದ ಮೇಲೆ ಹುಣಸೆಬೀಜ ಇಟ್ಟು ಕೂರುತ್ತಿದ್ದ. ಸಾಲಾಗಿ ಒಂದು, ಎರಡು, ಮೂರು, ನಾಲ್ಕು, ಐದು, ಆರು, ಮತ್ತೆ ನಾಲ್ಕು, ಎರಡು. ಆರರ ತಲೆಯ ಮೇಲೆ ಮೂರು ಬೀಜದ ಇನ್ನೊಂದು ಮನೆ. ಯಾವ ಮನೆಯ ಬೀಜವನ್ನು ಎರಡು ಪಟ್ಟು ಮಾಡಿದರೂ ಅದರ ನೆರೆಯವರನ್ನು ಕೂಡಿಸಿದಷ್ಟೇ ಆಗಬೇಕು. ಆರರ ಎರಡು ಪಟ್ಟು ಹನ್ನೆರಡು. ನೆರೆಯಲ್ಲಿ ಐದು, ನಾಲ್ಕು, ಮೂರು, ಒಟ್ಟು ಹನ್ನೆರಡು. ಒಂದು ದಿನ ಬೇಕೆಂದೇ ಮೊದಲ ಮನೆಯ ಒಂಟಿ ಬೀಜ ಎತ್ತಿ ಬಾಯಿಗೆ ಹಾಕಿಕೊಂಡು ನೋಡಿದ. ಪಕ್ಕದ ಎರಡರ ಎರಡು ಪಟ್ಟು ನಾಲ್ಕು, ಆದರೆ ನೆರೆಯಲ್ಲಿ ಉಳಿದದ್ದು ಮೂರೇ. “ಲಾಭ ನುಂಗಿದ್ರ ಎರಡರ ಲೆಕ್ಕ ಕೆಡತೈತಿ ನೋಡು,” ಎಂದು ಮಗಳನ್ನು ಕರೆದು ಹೇಳಿದ. ಹೇಳಿದ ಮೇಲೆ ಯಾಕೋ ಅವನ ಮುಖ ಬಾಡಿತು. ಬೀಜ ಡಬ್ಬಿಗೆ ಹಾಕಿ ಅಂಗಡಿಗೆ ಹೋದ.

ತಬಸ್ಸುಮಳ ಪಿಎಚ್.ಡಿ. ಇದ್ದದ್ದು ಇಷ್ಟು ಸಲೀಸಾದ ಗುಂಪುಗಳ ಮೇಲಲ್ಲ, ಸ್ವಲ್ಪ ವಕ್ರವಾದವುಗಳ ಮೇಲೆ. ಒಂದು ದಿಕ್ಕಿಗೆ ಒಂದು ಹೆಜ್ಜೆ ತಿರುಗಿದರೆ ಇನ್ನೊಂದು ದಿಕ್ಕಿಗೆ ಮೂರು ಹೆಜ್ಜೆ ತಿರುಗುವಂಥವು. ಅಲ್ಲಿ ಎಲ್ಲ ರೂಪಕ್ಕೂ ಬಳೆ ಸಿಗುವುದಿಲ್ಲ. ಏಳು ರೂಪವಿದ್ದರೆ, ಲಾಭ ಬಿಟ್ಟು, ಮೂರಕ್ಕೆ ಮಾತ್ರ ಬಳೆ. ಬಳೆ ಸಿಗದೆ ಉಳಿದವು ಎಷ್ಟು, ಅವುಗಳ ಗತಿಯೇನು ಎಂಬುದೇ ಅವಳ ಪ್ರಬಂಧ. ಹತ್ತು ವರ್ಷ ಹಿಡಿಯಿತು. ಪ್ರಬಂಧ ಸಲ್ಲಿಸಿದಳು, ಇಬ್ಬರು ಪರೀಕ್ಷಕರೂ ಹೊಗಳಿ ವರದಿ ಬರೆದರು, ವೈವಾಕ್ಕೆ, ಅಂದರೆ ಕೊನೆಯ ಮೌಖಿಕ ಪರೀಕ್ಷೆಗೆ, ದಿನವೂ ಗೊತ್ತಾಯಿತು. ಫೈಜಲ ಧಾರವಾಡಕ್ಕೆ ಹೋಗಲು ಗೆಳೆಯನ ಕಾರು ಹೇಳಿಟ್ಟ. ಇನ್ನು ಹನ್ನೆರಡು ದಿನ ಉಳಿದಿತ್ತು.

ಆ ಶುಕ್ರವಾರ ತಬಸ್ಸುಮ ಬಬಲೇಶ್ವರದಿಂದ ದಿನದ ಹೊತ್ತಿಗಿಂತ ಮೊದಲೇ ಬಂದಳು. ಚೀಲ ಕೆಳಗಿಟ್ಟಾಗ ಒಳಗಿನ ಕಬ್ಬಿಣದ ಬಳೆಗಳು ಸದ್ದು ಮಾಡಿದವು. ಫೈಜಲ ಸರಳು ಬಗ್ಗಿಸಿ ಮಾಡಿಕೊಟ್ಟ ಬಳೆಗಳವು, ತರಗತಿಗೆಂದು ಒಯ್ದದ್ದು. ಅವಳು ನೀರು ಕೂಡ ಕುಡಿಯದೆ ತಂದೆಯ ಮಂಚದ ಮೇಲೆ ಕೂತಳು.

“ಅಬ್ಬಾ, ಒಂದು ತಪ್ಪಾಗೈತಿ.”

ಆದದ್ದು ಇಷ್ಟು. ವೈವಾಕ್ಕೆ ಅಭ್ಯಾಸವೂ ಆಗಲಿ, ಹುಡುಗಿಯರಿಗೆ ಖುಷಿಯೂ ಆಗಲಿ ಎಂದು ಏಳು ಜನ ವಿದ್ಯಾರ್ಥಿನಿಯರನ್ನು ಮುಂದೆ ಕರೆದಿದ್ದಳು. ಒಬ್ಬೊಬ್ಬಳೂ ಒಂದೊಂದು ರೂಪ. ಮೊದಲನೆಯವಳು ಲಾಭ, ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. ಮೂವರ ಕೈಗೆ ಬಳೆ ಕೊಟ್ಟಳು. ಆಮೇಲೆ ತನ್ನ ಪ್ರಬಂಧದ ಕೋಷ್ಟಕ ತೆರೆದು, “ಬಳಿ ಇಲ್ಲದವರು ಇಬ್ಬರು, ಈ ಕಡಿ ಬರ್ರಿ,” ಎಂದು ಓದಿದಳು. ಇಬ್ಬರು ಬಂದರು. ಸಾಲಿನ ತುದಿಯಲ್ಲಿ ಐಶ್ವರ್ಯ ಎಂಬ ಹುಡುಗಿ ಒಬ್ಬಳೇ ನಿಂತಿದ್ದಳು. “ಮ್ಯಾಡಂ, ನಾ ಎಲ್ಲಿ ನಿಂದರಲ್ರಿ?” ಎಂದಳು. ಇಡೀ ತರಗತಿ ನಕ್ಕಿತು. ತಬಸ್ಸುಮಳೂ ನಕ್ಕಳು. ಮತ್ತೆ ಕೋಷ್ಟಕ ನೋಡಿದಳು. ನಗು ಅಲ್ಲೇ ನಿಂತಿತು.

“ನೋಟುಬುಕ್ಕಿನಾಗ ನಾ ಲಾಭ ಮೊದಲ ಬದಿಗಿ ಇಟ್ಟೇನ್ರಿ. ಉಳದದ್ದು ಆರು. ಸೂತ್ರದಾಗ ಏನೈತಿ, ಒಟ್ಟು ರೂಪದಾಗ ಒಂದು ಕಳೀರಿ ಅಂತ. ನಾ ಆ ಆರರಾಗ ಮತ್ತೊಂದು ಕಳದೇನಿ. ಲಾಭ ಒಂದ, ಕಳದದ್ದು ಎರಡು ಸಲ. ಎಲ್ಲಾ ಸಾಲಿನಾಗೂ ಹಂಗ ಆಗೈತಿ. ಸಾಲಿಗೊಂದು ರೂಪ ಎಲ್ಲೂ ಇಲ್ಲ ಅಬ್ಬಾ. ಬಳಿ ಸಿಕ್ಕವರಾಗೂ ಇಲ್ಲ, ಸಿಗದವರಾಗೂ ಇಲ್ಲ. ಆ ಅಂಕಿ ಮ್ಯಾಲ ನಾಲ್ಕನೇ ಅಧ್ಯಾಯ ಇಡೀ ನಿಂತೈತಿ.”

“ಯಾರ ಕಣ್ಣಿಗೂ ಬಿದ್ದಿಲ್ಲ?”

“ಯಾರ ಕಣ್ಣಿಗೂ ಬಿದ್ದಿಲ್ರಿ. ಸುಮ್ಮನಿದ್ರ ಹನ್ನೆರಡು ದಿನಕ್ಕ ಡಾಕ್ಟರ್ ತಬಸ್ಸುಮ. ಆಮ್ಯಾಲ ಸಾವಕಾಶ ತಿದ್ದಬಹುದು. ಗೈಡ್ ಸರ್‌ಗೆ ಹೇಳಿದ್ರ ವೈವಾ ನಿಲ್ಲತೈತಿ. ಅಧ್ಯಾಯ ಮತ್ತ ಬರೀಬೇಕು, ಆರು ತಿಂಗಳು, ವರ್ಷ. ಈ ಸಲದ ಪಟ್ಟಿಯಾಗ ನನ್ನ ಹೆಸರು ಉಳಿಯಂಗಿಲ್ಲ.” ಅವಳು ತಂದೆಯ ಕೈ ಹಿಡಿದಳು. “ನಿಮ್ಮ ಅಳತ್ಯಾಗ ಹಿಂಗ ಆಗಿದ್ರ ನೀವೇನ ಮಾಡ್ತಿದ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುರ್ತುಜಾಸಾಬ ಮುಟ್ಟಿಕೊಂಡದ್ದು ತನ್ನ ಬಲಗೈಯನ್ನು. ಮಗಳು ಉತ್ತರಕ್ಕೆ ಕಾಯುತ್ತಿದ್ದಳು. ಅವಳಿಗೆ ಬೇಕಾದ ಉತ್ತರ ಯಾವುದೆಂಬುದು ಅವಳ ಮುಖದ ಮೇಲೆಯೇ ಬರೆದಿತ್ತು.

“ಏನ ಮಾಡ್ತಿದ್ದೆ ಅಂದ್ರ? ರಾಶಿ ಮತ್ತ ಕೂಡಿಸಿ, ಲಾಭದಿಂದ ಹೊಸದಾಗಿ ಅಳೀತಿದ್ದೆ. ಮಂದಿ ನಕ್ಕರ ನಗಲಿ.”

“ಗೊತ್ತಿತ್ತು ನನಗ,” ಎಂದು ತಬಸ್ಸುಮ ಎದ್ದು ಮುಖ ತೊಳೆಯಲು ಹೋದಳು.

ಅವನು ಹೇಳಿದ್ದು ಸುಳ್ಳು.

ನಲವತ್ತಮೂರು ವರ್ಷದ ಹಿಂದೆ, ಬಿಜ್ಜರಗಿಯಲ್ಲಿ ಬಸಗೊಂಡಪ್ಪನ ಕಣ. ಹೊಲ ಬಸಗೊಂಡಪ್ಪನದು, ದುಡಿತ ರೇಣುಕವ್ವನದು. ಗಂಡ ಸತ್ತ ಮೇಲೆ ಮೂರು ಮಕ್ಕಳನ್ನು ಕಟ್ಟಿಕೊಂಡು ಅರ್ಧಪಾಲಿಗೆ ಆ ಹೊಲ ಮಾಡುತ್ತಿದ್ದ ಹೆಂಗಸು ಅವಳು. ಆಶಾಬಿ ಹೆರಿಗೆಗೆ ತಿಕೋಟಾದ ತವರಿಗೆ ಹೋಗಿದ್ದಳು. ಅದಕ್ಕೂ ಹಿಂದೆ ಎರಡು ಕೂಸು ಹುಟ್ಟಿ, ಎರಡೂ ಮರುದಿನದ ಬೆಳಗು ಕಾಣದೆ ಹೋಗಿದ್ದವು. ಮುರ್ತುಜಾ ಕೊಳಗ ತುಂಬಿ, ಬಾಯಿ ಸವರಿ, “ಲಾಭ” ಎಂದು ಕೂಗಿ ಬಲಕ್ಕೆ ಬಸಗೊಂಡಪ್ಪನ ತಟ್ಟಿಗೆ ಸುರಿದಿದ್ದ. ಅಷ್ಟರಲ್ಲಿ ಆಶಾಬಿಯ ತಮ್ಮ ಯಾಕೂಬ ಸೈಕಲ್ ಮೇಲೆ ಬಂದು ಕಣದ ಅಂಚಿನಲ್ಲಿ ನಿಂತು, “ಮುರ್ತುಜಾ ಭಾಯಿ, ಹೆಣ್ಣ ಹುಟ್ಟೈತಿ! ಅಳಾಕತ್ತೈತಿ, ಜೋರಾಗಿ ಅಳಾಕತ್ತೈತಿ!” ಎಂದು ಕೂಗಿದ. ಹಿಂದಿನ ಎರಡೂ ಅತ್ತಿರಲಿಲ್ಲ.

ಕಣದವರ ಕಣ್ಣೆಲ್ಲ ಯಾಕೂಬನ ಮೇಲಿತ್ತು. ಮುರ್ತುಜಾ ವಸ್ತ್ರದಿಂದ ಕಣ್ಣೊರೆಸಿಕೊಂಡ. ರಾಶಿಯನ್ನು ನಡುವೆ ಬಿಟ್ಟು ಏಳುವ ಹಾಗಿಲ್ಲ. ಕೊಳಗ ತುಂಬಿ, “ಲಾಭ” ಎಂದು ಕೂಗಿ, ಬಲಕ್ಕೆ ಸುರಿದ. ಆಮೇಲೆ ಎಡಕ್ಕೆ. ಎರಡು, ಮೂರು, ನಾಲ್ಕು. ಅಷ್ಟು ಬೇಗ ಅವನೆಂದೂ ಅಳೆದಿರಲಿಲ್ಲ.

ಮುಗಿಸಿ ಸೈಕಲ್ ಹತ್ತಿ, ಬಿಜ್ಜರಗಿಗೂ ತಿಕೋಟಾಕ್ಕೂ ನಡುವಿನ ಹಳ್ಳಕ್ಕೆ ಬಂದಾಗ ಅವನ ಬಲಗೈಗೆ ನೆನಪಾಯಿತು. ಮೊದಲು ಬಲಕ್ಕೆ, ಸುದ್ದಿ ಬಂದ ಮೇಲೆ ಮತ್ತೂ ಬಲಕ್ಕೆ. ಲಾಭ ಎರಡು ಸಲ ಬಿದ್ದಿತ್ತು, ಎರಡೂ ಒಡೆಯನ ತಟ್ಟಿಗೆ. ರೇಣುಕವ್ವ ಒಂದು ಕೊಳಗ ಕಡಿಮೆ ಒಯ್ದಿದ್ದಳು. ಹೊತ್ತು ಇಳಿಯುತ್ತಿತ್ತು. ಹಿಂದೆ ಕಣ, ಮುಂದೆ ಕೂಸು. ಅವನು ಒಂದು ಕಾಲು ಊರಿ ನಿಂತ, ಆಮೇಲೆ ಮುಂದಕ್ಕೆ ತುಳಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಕಣ ಗುಡಿಸಿಯಾಗಿತ್ತು, ಚೀಲ ಹೊಲಿದಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬುದು ನೆನಪಾಯಿತು. ಹೀಗೆ ಒಂದು ನಾಳೆ ನಲವತ್ತಮೂರು ವರ್ಷವಾಯಿತು. ರೇಣುಕವ್ವ ಆಮೇಲೆ ಅವನನ್ನು ಕಂಡರೆ ಬೇರೆ ಓಣಿ ಹಿಡಿದು ಹೋಗುತ್ತಿದ್ದಳು. ಹಮ್ಮಿನ ಹೆಂಗಸು ಎಂದು ಅವನೇ ನಾಲ್ಕು ಜನರ ಮುಂದೆ ಆಡಿದ್ದೂ ಉಂಟು.

ಶನಿವಾರ ಬೆಳಿಗ್ಗೆ ತಬಸ್ಸುಮ ಧಾರವಾಡಕ್ಕೆ ಫೋನ್ ಮಾಡಿದಳು. ಮಾತು ಅರ್ಧ ತಾಸು ನಡೆಯಿತು. ಗೈಡ್ ಸರ್ ಕೋಷ್ಟಕ ತೆಗೆದು ನೋಡಿ, ನಿಟ್ಟುಸಿರು ಬಿಟ್ಟು, ವೈವಾ ನಿಲ್ಲಿಸಲು ತಾವೇ ಬರೆಯುವುದಾಗಿ ಹೇಳಿದರಂತೆ. ಫೈಜಲ ಕಾರು ಬೇಡವೆಂದು ಗೆಳೆಯನಿಗೆ ತಿಳಿಸಿದ. ತಬಸ್ಸುಮ ತಂದೆಯ ಹತ್ತಿರ ಬಂದು ನಿಂತಳು. ಕಣ್ಣು ಕೆಂಪಾಗಿತ್ತು, ಆದರೆ ಮುಖ ತಿಳಿಯಾಗಿತ್ತು.

“ನೀವು ಅಂದ್ರಲ್ಲ, ರಾಶಿ ಮತ್ತ ಕೂಡಸ್ತಿದ್ದೆ ಅಂತ. ಅದಕ್ಕ ಧೈರ್ಯ ಬಂತ್ರಿ.”

ಮುರ್ತುಜಾಸಾಬನಿಗೆ ಅಂದು ಊಟ ಸೇರಲಿಲ್ಲ. ಅಂಗಡಿಯ ಕುರ್ಚಿಯಲ್ಲಿ ಕೂತು ಒಂದು ಟ್ರ್ಯಾಕ್ಟರನ್ನೂ ಎಣಿಸಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ಬರೀ ನಾಚಿಕೆಯಾಗಿದ್ದರೆ ನುಂಗಿಬಿಡುತ್ತಿದ್ದ, ನುಂಗುವುದು ಅವನಿಗೆ ರೂಢಿಯೇ. ಆದರೆ ಮಗಳು ತನ್ನ ಹತ್ತು ವರ್ಷವನ್ನು ಅವನ ಒಂದು ಮಾತಿನ ಮೇಲೆ ಇಟ್ಟಿದ್ದಳು, ಆ ಮಾತು ಪೊಳ್ಳಾಗಿತ್ತು. ಅವಳಿಗೆ ನಿಜ ಹೇಳಿದರೆ ಅವಳ ಕಣ್ಣಲ್ಲಿ ತಾನು ಉಳಿಯುವುದಿಲ್ಲ. ಹೇಳದಿದ್ದರೆ ಅವಳ ಮುಖಕ್ಕೆ ಮುಖ ಕೊಟ್ಟು ಕೂರುವುದಾದರೂ ಹೇಗೆ?

ಭಾನುವಾರ ಬೆಳಿಗ್ಗೆ ಮಂಚದ ಕೆಳಗಿನ ಕೊಳಗ ತೆಗೆದು ಧೂಳು ಒರೆಸಿದ. ಮನೆಯ ಡಬ್ಬಿಯಿಂದ ಬಿಳಿಜೋಳ ತುಂಬಿ, ಅಂಗೈಯಿಂದ ಬಾಯಿ ಸವರಿ, ವಸ್ತ್ರದಲ್ಲಿ ಕಟ್ಟಿದ.

“ಬಿಜ್ಜರಗಿಗೆ ಕರಕೊಂಡ ನಡಿಯಬೇ.”

“ಯಾಕ್ರಿ?”

“ನಡಿ, ಹೇಳ್ತೇನಿ.”

ಸ್ಕೂಟಿಯ ಹಿಂದೆ ಕೊಳಗ ತೊಡೆಯ ಮೇಲಿಟ್ಟುಕೊಂಡು ಕೂತ. ತಿಕೋಟಾ ದಾಟಿತು, ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು ಹಿಂದೆ ಸರಿದವು. ಹಳ್ಳಕ್ಕೆ ಈಗ ಸಣ್ಣ ಸೇತುವೆ ಆಗಿದೆ. ಅದರ ಮೇಲೆ ಬಂದಾಗ “ನಿಂದರಸು” ಎಂದ. ಇಳಿಯಲಿಲ್ಲ. ಮಗಳ ಬೆನ್ನಿಗೇ ಹೇಳಿದ, ಮುಖಕ್ಕೆ ಹೇಳಲು ಆಗುತ್ತಿರಲಿಲ್ಲ. ಯಾಕೂಬ ಬಂದದ್ದು, ಎರಡು ಸಲ ಲಾಭ ಕೂಗಿದ್ದು, ಇದೇ ಜಾಗದಲ್ಲಿ ಸೈಕಲ್ ನಿಲ್ಲಿಸಿದ್ದು, ಹಿಂದಕ್ಕೆ ಹೋಗದೆ ಮುಂದಕ್ಕೆ ಹೋದದ್ದು, ಎಲ್ಲ.

ತಬಸ್ಸುಮ ಹ್ಯಾಂಡಲ್ ಹಿಡಿದು ಹಳ್ಳವನ್ನೇ ನೋಡುತ್ತಿದ್ದಳು.

“ಹಂಗಾದ್ರ ಮೊನ್ನೆ ನನಗ ಸುಳ್ಳು ಹೇಳಿದ್ರಿ.”

“ಹೌದು.”

“ನಾ ಅದನ್ನ ನಂಬಿ ಫೋನ್ ಮಾಡ್ದೆ.”

“ಹೌದಬೇ.”

“ಇಡೀ ಜನ್ಮ ನಿಮ್ಮ ಹೆಸರು ಹೇಳಿ ಹುಡುಗ್ಯಾರಿಗೆ ಲೆಕ್ಕ ಕಲಿಸೇನಿ, ಅಬ್ಬಾ.” ಬಂದದ್ದು ಕೋಪವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಒಂದು ಕುರಿಹಿಂಡು ಸೇತುವೆ ದಾಟಿ ಹೋಯಿತು. ಆಮೇಲೆ ಕೀಲಿ ತಿರುಗಿಸಿ, “ಕೊಳಗ ಗಟ್ಟಿ ಹಿಡೀರಿ,” ಎಂದು ಸ್ಕೂಟಿಯನ್ನು ಬಿಜ್ಜರಗಿಯ ಕಡೆಗೇ ಬಿಟ್ಟಳು.

ಬಸಗೊಂಡಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. ರೇಣುಕವ್ವ ಇದ್ದಳು. ಎಂಬತ್ತು ದಾಟಿದ ಮುದುಕಿ, ಮನೆ ಮುಂದಿನ ಕಟ್ಟೆಯ ಮೇಲೆ ಬೇವಿನ ನೆರಳಲ್ಲಿ ಕೂತು ಆಡಿನ ಮರಿಗೆ ತೊಪ್ಪಲು ತಿನ್ನಿಸುತ್ತಿದ್ದಳು. ಮುರ್ತುಜಾಸಾಬ ಚಪ್ಪಲಿ ಬಿಟ್ಟು ಹತ್ತಿರ ಹೋದ. ಅವಳು ಹುಬ್ಬಿನ ಮೇಲೆ ಕೈ ಇಟ್ಟು ನೋಡಿ, ಗುರುತು ಹಿಡಿದಳು.

“ಅಕ್ಕಾ, ಬಸಗೊಂಡಪ್ಪನ ಕಣದಾಗ ಒಂದು ಸಲ...”

“ಗೊತ್ತೈತಿ.”

“ಲಾಭ...”

“ಎರಡು ಸಲ ಕೂಗಿದಿ. ಎರಡೂ ಬಲಕ್ಕ ಸುರವಿದಿ. ನಾ ಎಡಕ್ಕ ತಟ್ಟು ಹಿಡಕೊಂಡು ನಿಂತಿದ್ದೆ. ನನ್ನ ಕಣ್ಣು ಬ್ಯಾರೆ ಎಲ್ಲಿರತಾವು?”

ಮುರ್ತುಜಾಸಾಬ ಕಟ್ಟೆಯ ಅಂಚಿಗೆ ಕೂತ. “ಆವಾಗ್ಲೇ ಯಾಕ ಅನಲಿಲ್ಲಕ್ಕಾ?”

ಮುದುಕಿ ಮರಿಯ ಬಾಯಿಂದ ಸೊಪ್ಪಿನ ದಂಟು ಎಳೆದು ಬಿಸಾಡಿದಳು.

“ಅಂದಿದ್ರ ರಾಶಿ ಮತ್ತ ಕೂಡಸ್ತಿದ್ರು. ಹೊತ್ತ ಮುಳಗತಿತ್ತು. ನೀ ಕೂಸಿನ ಮಾರಿ ನೋಡೂದು ಮರುದಿನ ಆಗತಿತ್ತು. ಹಿಂದಿನ ಎರಡೂ ಮರುದಿನದ ತನಕ ಇದ್ದಿಲ್ಲಲ್ಲೋ ತಮ್ಮಾ. ಹೋಗಲಿ, ನೋಡಿ ಬರ್ಲಿ ಅಂದೆ.”

ಸ್ಕೂಟಿಯ ಹತ್ತಿರ ನಿಂತಿದ್ದ ತಬಸ್ಸುಮ ಕೈಯಲ್ಲಿದ್ದ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮರುದಿನ ಬರ್ತಿ ಅಂತ ಕಾದೆ,” ಎಂದಳು ರೇಣುಕವ್ವ, ದನಿ ಏರಿಸದೆ. “ವಾರ ಕಾದೆ. ಜ್ವಾಳಕ್ಕಲ್ಲ, ಜ್ವಾಳ ಹ್ಯಾಂಗರ ಆಗತಿತ್ತು. ನೀ ಬಂದು ಒಂದು ಮಾತು ಅಂತಿ ಅಂತ. ನೀ ಬರಲಿಲ್ಲ. ಊರ ಮಂದಿ ನೀ ತಪ್ಪಾವನ ಅಲ್ಲ ಅಂದಾಗೊಮ್ಮೆ ನನ್ನ ಹೊಟ್ಟಿ ಉರದೈತಿ. ಆಮ್ಯಾಲ ಕಾಯೂದ ಬಿಟ್ಟೆ.”

ಮುರ್ತುಜಾಸಾಬ ವಸ್ತ್ರ ಬಿಚ್ಚಿ ಕೊಳಗವನ್ನು ಅವಳ ಮುಂದೆ ಇಟ್ಟ. ಮುದುಕಿ ಅದನ್ನು ನೋಡಿದಳು, ದೂರ ನಿಂತಿದ್ದ ತಬಸ್ಸುಮಳನ್ನು ನೋಡಿದಳು.

“ಆಕಿ ಏನು ಆ ಕೂಸು?”

“ಹೂಂ.”

ರೇಣುಕವ್ವ ತಬಸ್ಸುಮಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮರಿಯನ್ನು ಬದಿಗೆ ತಳ್ಳಿ, ತೊಡೆಯ ಮೇಲೆ ಸೆರಗು ಹರಡಿ ಎರಡೂ ಅಂಚು ಎತ್ತಿ ಹಿಡಿದಳು.

“ಅಳಿ. ಬಾಯಿಲೆ ಕೂಗಿ ಅಳಿ.”

ಅವನು ಕೊಳಗ ಎತ್ತಿದ. ಮೂವತ್ತು ವರ್ಷದ ರೂಢಿ ನಾಲಿಗೆಯ ತುದಿಗೆ ಬಂತು. “ಲಾ...”

“ಅದು ಆಗೈತಿ,” ಎಂದಳು ರೇಣುಕವ್ವ. “ಎರಡು ಸಲ ಆಗೈತಿ.”

ಮುರ್ತುಜಾಸಾಬ ಬಾಯಿ ಮುಚ್ಚಿದ. ಆಮೇಲೆ ಕಣದಲ್ಲಿ ಕೂಗುತ್ತಿದ್ದ ಹಾಗೆ, ಓಣಿಯ ತುದಿಗೆ ಕೇಳುವಷ್ಟು ಗಟ್ಟಿಯಾಗಿ, “ಎರಡು!” ಎಂದು ಕೂಗಿ ಎಡಕ್ಕೆ, ಅವಳ ಸೆರಗಿಗೆ ಸುರಿದ.

ಕೆಲವು ಕಾಳು ಕಟ್ಟೆಯ ಮೇಲೆ ಚೆಲ್ಲಿದವು. ತಬಸ್ಸುಮ ಬಂದು ತಂದೆಯ ಪಕ್ಕದಲ್ಲಿ ಕೂತು ಅವನ್ನು ಒಂದೊಂದಾಗಿ ಆರಿಸಿ ರೇಣುಕವ್ವನ ಸೆರಗಿಗೆ ಹಾಕಿದಳು.